ಕಿರಣದ ಹಾದಿಯಲ್ಲಿ ಶ್ವಾಸಕೋಶ: ರಕ್ಷಕ ಔಷಧಗಳ ಹುಡುಕಾಟ



ಉಪನ್ಯಾಸಕನು ತನ್ನ ಕ್ಷೇತ್ರದ ಒಂದು ಪ್ರಶ್ನೆಯನ್ನು ಎತ್ತಿಕೊಂಡು, ಆ ಕ್ಷೇತ್ರದ ಹೊರಗಿನವರಿಗೂ ಅದು ಏಕೆ ಮುಖ್ಯವೆಂದು ತಿಳಿಸಬೇಕು ಎಂಬುದು ಈ ಉಪನ್ಯಾಸವನ್ನು ಏರ್ಪಡಿಸಿರುವ ದತ್ತಿಯ ಆಶಯ. ನಾನು ಎತ್ತಿಕೊಂಡಿರುವ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಹೇಳಬಹುದು. ಎದೆಗೆ ವಿಕಿರಣ ಚಿಕಿತ್ಸೆ ಕೊಡುವಾಗ ಶ್ವಾಸಕೋಶಕ್ಕಾಗುವ ಹಾನಿಯನ್ನು ಔಷಧದಿಂದ ತಡೆಯಲು ಸಾಧ್ಯವೇ?

ಪ್ರಶ್ನೆಗೆ ಎಪ್ಪತ್ತೈದು ವರ್ಷಗಳ ಇತಿಹಾಸವಿದೆ. ಸಾವಿರಾರು ರಾಸಾಯನಿಕಗಳನ್ನು ಪರೀಕ್ಷಿಸಿದ್ದಾರೆ. ಇಲಿಗಳಲ್ಲಿ ಗೆದ್ದ ಔಷಧಗಳು ಹತ್ತಾರಿವೆ. ಆದರೆ ಇಂದು ಕ್ಯಾನ್ಸರ್ ಆಸ್ಪತ್ರೆಯೊಂದಕ್ಕೆ ಹೋಗಿ, ಶ್ವಾಸಕೋಶ ಕಾಪಾಡಲೆಂದು ವಾಡಿಕೆಯಾಗಿ ಯಾವ ಮಾತ್ರೆ ಕೊಡುತ್ತೀರಿ ಎಂದು ಕೇಳಿದರೆ, ಯಾವುದೂ ಇಲ್ಲ ಎಂಬ ಉತ್ತರವೇ ಸಿಗುತ್ತದೆ. ಈ ಅಂತರ ಏಕೆ ಉಳಿಯಿತು ಎಂಬುದೇ ಈ ಹೊತ್ತಿನ ವಿಚಾರ. ಮೊದಲು ಹಾನಿ ಹೇಗೆ ಆಗುತ್ತದೆ ಎಂದು ನೋಡೋಣ. ಅನಂತರ ಔಷಧಗಳನ್ನು ಕಾಲದ ಕ್ರಮದಲ್ಲಿ ತೆಗೆದುಕೊಳ್ಳುತ್ತೇನೆ: ಕಿರಣ ಬೀಳುವ ಮೊದಲು ಕೊಡುವಂಥವು, ಕಿರಣ ಬಿದ್ದ ಮೇಲೆ ಆದರೆ ಲಕ್ಷಣ ಕಾಣುವ ಮೊದಲು ಕೊಡುವಂಥವು, ಲಕ್ಷಣ ಕಂಡ ಮೇಲೆ ಕೊಡುವಂಥವು. ನಡುವೆ ನಮ್ಮ ತುಳಸಿ, ನೇರಳೆಗಳ ಮಾತೂ ಬರುತ್ತದೆ. ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಮೊದಲೇ ಹೇಳಿಬಿಡುತ್ತೇನೆ: ಕಿರಣ ಬೀಳುವ ಕ್ಷಣವನ್ನೇ ಕಾಯುತ್ತ ನಾವು ಬಹಳ ವರ್ಷ ಕಳೆದೆವು, ಶ್ವಾಸಕೋಶದ ಮಟ್ಟಿಗೆ ಅವಕಾಶ ಇದ್ದದ್ದು ಅದರ ನಂತರದ ವಾರಗಳಲ್ಲಿ.

ಹಾನಿಯ ವಿಷಯಕ್ಕೆ ಬರೋಣ. ನಮ್ಮ ಜನ ವಿಕಿರಣ ಚಿಕಿತ್ಸೆಯನ್ನು ‘ಕರೆಂಟ್ ಕೊಡಿಸುವುದು’ ಎನ್ನುತ್ತಾರೆ. ಮೈ ಸುಡುತ್ತದೆ ಎಂಬ ಭಯ ಆ ಮಾತಿನೊಳಗೇ ಇದೆ. ವಾಸ್ತವದಲ್ಲಿ ಶಾಖದ ಪಾತ್ರ ಇಲ್ಲಿ ಇಲ್ಲವೇ ಇಲ್ಲ. ಶ್ವಾಸಕೋಶದ ಕ್ಯಾನ್ಸರಿಗೆ ಸಾಮಾನ್ಯವಾಗಿ ಕೊಡುವ ಪ್ರಮಾಣ 60 ಗ್ರೇ; ಗ್ರೇ ಎಂಬುದು ಅಂಗಾಂಶ ಹೀರುವ ವಿಕಿರಣದ ಅಳತೆಯ ಮಾನ. ದಿನಕ್ಕೆ 2 ಗ್ರೇಯಂತೆ ಆರು ವಾರ, 30 ಸಲ. ಅಷ್ಟನ್ನೂ ಒಂದೇ ಸಲ ಸುರಿದರೂ ಅಂಗಾಂಶದ ತಾಪ ಏರುವುದು ಒಂದು ಡಿಗ್ರಿಯ ಐವತ್ತನೇ ಒಂದು ಭಾಗಕ್ಕಿಂತ ಕಡಿಮೆ. ಕಿರಣದ ಶಕ್ತಿ ಜೀವಕೋಶದೊಳಗಿನ ನೀರಿನ ಅಣುಗಳನ್ನು ಒಡೆಯುತ್ತದೆ. ಆಗ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಅತಿ ಚುರುಕಿನ ತುಣುಕು ಹುಟ್ಟುತ್ತದೆ. ಅದರ ಆಯುಸ್ಸು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಷ್ಟು. ಅಷ್ಟರಲ್ಲೇ ಅದು ಪಕ್ಕದ ಡಿಎನ್‌ಎಯನ್ನು ಕಡಿದುಹಾಕುತ್ತದೆ. ಎಕ್ಸ್ ಕಿರಣದಿಂದಾಗುವ ಡಿಎನ್‌ಎ ಹಾನಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಈ ದಾರಿಯಿಂದಲೇ ಆಗುತ್ತದೆ.

ಗಡ್ಡೆಗೆ ಹೀಗಾದರೆ ಒಳ್ಳೆಯದೇ. ತೊಂದರೆ ಏನೆಂದರೆ, ಎದೆಯ ಗಡ್ಡೆಯನ್ನು ತಲುಪುವ ಕಿರಣ ಆರೋಗ್ಯವಂತ ಶ್ವಾಸಕೋಶವನ್ನು ಹಾದುಹೋಗಲೇಬೇಕು. ವಯಸ್ಕರ ಎರಡು ಶ್ವಾಸಕೋಶಗಳಲ್ಲಿ ಸರಿಸುಮಾರು 48 ಕೋಟಿ ಗಾಳಿಗೂಡುಗಳಿವೆ. ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಅನೇಕ ಕಡೆ ಒಂದು ಮೈಕ್ರಾನಿಗಿಂತ ತೆಳು. ಆ ಗೋಡೆಯಲ್ಲಿ ಎರಡು ಬಗೆಯ ಕೋಶಗಳು ಹೆಚ್ಚು ನೋಯುತ್ತವೆ. ಗೂಡು ಕುಸಿಯದಂತೆ ಹಿಡಿದಿಡುವ ಸರ್ಫ್ಯಾಕ್ಟಂಟ್ ದ್ರವವನ್ನು ಸ್ರವಿಸುವ ಎರಡನೇ ಬಗೆಯ ನ್ಯೂಮೊಸೈಟುಗಳು ಒಂದು. ಲೋಮನಾಳಗಳ ಒಳಪದರದ ಕೋಶಗಳು ಇನ್ನೊಂದು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಬಾಯಿಗೆ ಕಿರಣ ಬಿದ್ದರೆ ಎರಡು ಮೂರು ವಾರದಲ್ಲೇ ಹುಣ್ಣು ಕಾಣುತ್ತದೆ. ಶ್ವಾಸಕೋಶ ಹಾಗಲ್ಲ. ಚಿಕಿತ್ಸೆ ಮುಗಿಯುತ್ತದೆ, ರೋಗಿ ಊರಿಗೆ ಹೋಗುತ್ತಾನೆ, ಒಂದೆರಡು ತಿಂಗಳು ಚೆನ್ನಾಗಿಯೇ ಇರುತ್ತಾನೆ. ಎಕ್ಸ್ ರೇ ತೆಗೆದರೂ ಏನೂ ಕಾಣದು. ಬೂದಿ ಮುಚ್ಚಿದ ಕೆಂಡದಂಥ ಸ್ಥಿತಿ ಅದು. ಬಳಿಕ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಕೆಲವೊಮ್ಮೆ ಸಣ್ಣ ಜ್ವರ. ಇದು ವಿಕಿರಣ ನ್ಯುಮೊನೈಟಿಸ್. ಸಾಮಾನ್ಯವಾಗಿ ಚಿಕಿತ್ಸೆ ಮುಗಿದ ಒಂದರಿಂದ ಆರು ತಿಂಗಳೊಳಗೆ ಬರುತ್ತದೆ. ಹೆಚ್ಚಿನವರಲ್ಲಿ ತಣ್ಣಗಾಗುತ್ತದೆ. ಆದರೆ ಆರು ತಿಂಗಳ ನಂತರ, ಎರಡು ವರ್ಷದವರೆಗೂ, ಅದೇ ಜಾಗದಲ್ಲಿ ಶ್ವಾಸಕೋಶ ನಾರುಗಟ್ಟುತ್ತ ಹೋಗಬಹುದು. ನಾರಾದ ಭಾಗ ಮತ್ತೆ ಮೆತ್ತಗಾಗುವುದಿಲ್ಲ.

ಎಷ್ಟು ಜನರಿಗೆ ಹೀಗಾಗುತ್ತದೆ? ಶ್ವಾಸಕೋಶದ ಕ್ಯಾನ್ಸರಿಗೆ ಕೀಮೋಥೆರಪಿ ಮತ್ತು ವಿಕಿರಣವನ್ನು ಒಟ್ಟಿಗೆ ಪಡೆದ 836 ರೋಗಿಗಳ ವಿವರಗಳನ್ನು ಹಲವು ದೇಶಗಳಿಂದ ಒಟ್ಟುಗೂಡಿಸಿ 2013ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಶೇ. 30ರಷ್ಟು ಮಂದಿಗೆ ಲಕ್ಷಣಗಳುಳ್ಳ ನ್ಯುಮೊನೈಟಿಸ್ ಬಂದಿತ್ತು, ಶೇ. 2ರಷ್ಟು ಮಂದಿ ಅದರಿಂದಲೇ ತೀರಿಕೊಂಡರು. ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇದು ಬಹಳ ಕಡಿಮೆ. ವಯಸ್ಸು 65 ದಾಟಿದ್ದರೆ ಅಪಾಯ ಹೆಚ್ಚು. ಶ್ವಾಸಕೋಶದ ಎಷ್ಟು ಭಾಗಕ್ಕೆ 20 ಗ್ರೇಗಿಂತ ಮೇಲೆ ಬೀಳುತ್ತದೆ ಎಂಬ ಲೆಕ್ಕವನ್ನು ಚಿಕಿತ್ಸಾ ಯೋಜನೆ ಮಾಡುವವರು ಪ್ರತಿ ರೋಗಿಗೂ ಹಾಕುತ್ತಾರೆ. ಅದು ಮೂರರಲ್ಲೊಂದು ಭಾಗವನ್ನು ಮೀರದಂತೆ ನೋಡಿಕೊಳ್ಳುತ್ತಾರೆ. ಇನ್ನೊಂದು ಸೋಜಿಗ: ಬೀಡಿ ಸಿಗರೇಟು ಸೇದುತ್ತಿರುವವರಲ್ಲಿ ನ್ಯುಮೊನೈಟಿಸ್ ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹೊಗೆ ಶ್ವಾಸಕೋಶದ ರೋಗನಿರೋಧಕ ಪ್ರತಿಕ್ರಿಯೆಯನ್ನೇ ಮಂಕಾಗಿಸುವುದರಿಂದ ಹೀಗಿರಬಹುದು. ಇದನ್ನು ಕೇಳಿ ಯಾರೂ ಜೇಬಿಗೆ ಕೈ ಹಾಕಬೇಡಿ. ಅದೇ ಹೊಗೆ ಗಡ್ಡೆಯ ಚಿಕಿತ್ಸೆಯನ್ನು ಕೆಡಿಸುತ್ತದೆ, ಬದುಕಿನ ವರ್ಷಗಳನ್ನೂ ಕತ್ತರಿಸುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ತೊಡಕು ಕೂಡಿಕೊಳ್ಳುತ್ತದೆ. ಕೆಮ್ಮು, ಸಣ್ಣ ಜ್ವರ, ಎಕ್ಸ್ ರೇಯಲ್ಲಿ ನೆರಳು ಎಂದರೆ ತಾಲ್ಲೂಕು ಮಟ್ಟದ ವೈದ್ಯರಿಗೆ ಮೊದಲು ನೆನಪಾಗುವುದು ಕ್ಷಯ. ಅದು ಸಹಜ, ಸರಿಯೂ ಹೌದು. ಆದರೆ ವಿಕಿರಣದ ನೆರಳಿಗೆ ಒಂದು ಗುರುತಿದೆ. ಸಿಟಿ ಸ್ಕ್ಯಾನಿನಲ್ಲಿ ಅದರ ಅಂಚು ಶ್ವಾಸಕೋಶದ ಹಾಲೆಗಳ ಗಡಿಯನ್ನು ಲೆಕ್ಕಿಸದೆ, ಕಿರಣ ಹಾದುಹೋದ ದಾರಿಯನ್ನೇ ಅನುಸರಿಸಿ ಗೆರೆ ಎಳೆದಂತೆ ನೇರವಾಗಿರುತ್ತದೆ. ಪ್ರಕೃತಿಯ ಯಾವ ಸೋಂಕೂ ಅಷ್ಟು ನೇರವಾದ ಗೆರೆ ಎಳೆಯುವುದಿಲ್ಲ. ಎರಡು ತಿಂಗಳ ಹಿಂದೆ ಎದೆಗೆ ಕರೆಂಟ್ ಕೊಡಿಸಿದ್ದೆ ಎಂದು ರೋಗಿಯೇ ಹೇಳಿಬಿಟ್ಟರೆ ಎಷ್ಟೋ ಅನಗತ್ಯ ಔಷಧಗಳು ತಪ್ಪುತ್ತವೆ. ಚಿಕಿತ್ಸೆಯ ಸಾರಾಂಶದ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ ಎಂದು ನಾವು ಹೇಳುವುದು ಇದಕ್ಕಾಗಿಯೇ.

ಹಾನಿಯ ಸ್ವರೂಪ ಇಷ್ಟು. ಈಗ ಔಷಧಗಳ ಮೊದಲನೆಯ ಗುಂಪಿಗೆ, ಕಿರಣ ಬೀಳುವ ಮೊದಲೇ ಕೊಡಬೇಕಾದವುಗಳಿಗೆ ಬರುತ್ತೇನೆ.

ಈ ಕಥೆ ಶುರುವಾಗುವುದು ಅಣುಬಾಂಬಿನ ನೆರಳಿನಲ್ಲಿ. 1949ರಲ್ಲಿ ಶಿಕಾಗೋ ಬಳಿಯ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಹಾರ್ವಿ ಪ್ಯಾಟ್ ಮತ್ತು ಸಂಗಡಿಗರು ಇಲಿಗಳಿಗೆ ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಚುಚ್ಚಿ, ಬಳಿಕ ಮಾರಕ ಪ್ರಮಾಣದ ಎಕ್ಸ್ ಕಿರಣಕ್ಕೆ ಒಡ್ಡಿದರು. ಸಾಯಬೇಕಿದ್ದ ಇಲಿಗಳಲ್ಲಿ ಬಹಳಷ್ಟು ಬದುಕಿದವು. ಅದೇ ಸಿಸ್ಟೀನನ್ನು ಕಿರಣದ ನಂತರ ಕೊಟ್ಟರೆ ಪ್ರಯೋಜನವಾಗಲಿಲ್ಲ. ಕಾರಣ ಸ್ಪಷ್ಟ. ಸಿಸ್ಟೀನಿನಲ್ಲಿ ಗಂಧಕವುಳ್ಳ ಥಯೋಲ್ ಗುಂಪಿದೆ. ಅದು ರ‍್ಯಾಡಿಕಲ್‌ಗಳನ್ನು ಹುಟ್ಟುತ್ತಲೇ ಹಿಡಿದು ಸುಮ್ಮನಾಗಿಸುತ್ತದೆ. ಹುಟ್ಟುವ ಕ್ಷಣದಲ್ಲಿ ಪಕ್ಕದಲ್ಲೇ ಇಲ್ಲದಿದ್ದರೆ ಅದರಿಂದ ಏನೂ ಆಗದು.

1959ರಿಂದ ಅಮೆರಿಕದ ಸೇನೆಯ ವಾಲ್ಟರ್ ರೀಡ್ ಸಂಶೋಧನಾ ಸಂಸ್ಥೆ ಈ ಎಳೆಯನ್ನು ಹಿಡಿಯಿತು. ಅಣುಯುದ್ಧದಲ್ಲಿ ಸೈನಿಕನ ಜೇಬಿನಲ್ಲಿ ಇರಬೇಕಾದ ಔಷಧ ಅವರಿಗೆ ಬೇಕಿತ್ತು. 4,000ಕ್ಕೂ ಹೆಚ್ಚು ಸಂಯುಕ್ತಗಳನ್ನು ತಯಾರಿಸಿ ಪರೀಕ್ಷಿಸಿದರು. ಅವುಗಳಲ್ಲಿ ಎದ್ದು ನಿಂತದ್ದು ಡಬ್ಲ್ಯುಆರ್-2721; ಇಂದು ಅದರ ಹೆಸರು ಅಮಿಫೋಸ್ಟೀನ್. ಸೈನಿಕನಿಗೆ ಅದು ಒದಗಲಿಲ್ಲ. ಮಾತ್ರೆಯಾಗಿ ನುಂಗಿದರೆ ಕೆಲಸ ಮಾಡದು, ಚುಚ್ಚಿದರೆ ವಾಂತಿ ಬರಿಸಿ ರಕ್ತದೊತ್ತಡ ಇಳಿಸುತ್ತದೆ. ಯುದ್ಧಭೂಮಿಯಲ್ಲಿ ವಾಂತಿ ಮಾಡುತ್ತ ಮಲಗಿದ ಸೈನ್ಯ ಯಾರಿಗೆ ಬೇಕು? ಕ್ಯಾನ್ಸರ್ ವೈದ್ಯರ ಕಣ್ಣಿಗೆ ಮಾತ್ರ ಅದರಲ್ಲಿ ಒಂದು ಅಪರೂಪದ ಗುಣ ಬಿತ್ತು. ಅಮಿಫೋಸ್ಟೀನ್ ಹಾಗೆಯೇ ನಿಷ್ಕ್ರಿಯ. ಆರೋಗ್ಯವಂತ ಅಂಗಾಂಶದ ರಕ್ತನಾಳಗಳಲ್ಲಿರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಅದರ ಫಾಸ್ಫೇಟನ್ನು ಕಳಚಿದಾಗಲೇ ರಕ್ಷಕ ಥಯೋಲ್ ಹೊರಬರುತ್ತದೆ. ಗಡ್ಡೆಯಲ್ಲಿ ರಕ್ತನಾಳ ಕಡಿಮೆ, ಪರಿಸರ ಆಮ್ಲೀಯ. ಆದ್ದರಿಂದ ಅಲ್ಲಿ ಈ ಕಳಚುವಿಕೆ ನಿಧಾನ. ಜಾನ್ ಯೂಹಾಸ್ ಮತ್ತು ಜಾನ್ ಸ್ಟೋರರ್ 1969ರಲ್ಲೇ ಇಲಿಗಳಲ್ಲಿ ಈ ಭೇದವನ್ನು ತೋರಿಸಿದ್ದರು.

ಭೇದ ಇರಲೇಬೇಕು. ಶ್ವಾಸಕೋಶವನ್ನು ಉಳಿಸುವ ಔಷಧ ಗಡ್ಡೆಯನ್ನೂ ಉಳಿಸಿದರೆ, ಅದರ ಬದಲು ಕಿರಣದ ಪ್ರಮಾಣವನ್ನೇ ತಗ್ಗಿಸಬಹುದಿತ್ತಲ್ಲ! ಈ ಕ್ಷೇತ್ರದ ಪ್ರತಿಯೊಂದು ಔಷಧವೂ ಮೊದಲು ದಾಟಬೇಕಾದ ಹೊಸ್ತಿಲು ಇದು. ಅಮಿಫೋಸ್ಟೀನ್ ಮಟ್ಟಿಗೆ, 12 ಪರೀಕ್ಷೆಗಳ 1,119 ರೋಗಿಗಳ ವಿವರಗಳನ್ನು ಒಟ್ಟಾಗಿ ನೋಡಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಔಷಧ ಪಡೆದವರ ಆಯುಸ್ಸು ಕಡಿಮೆಯಾದದ್ದು ಕಾಣಲಿಲ್ಲ. ಅಂದರೆ ಹೊಸ್ತಿಲನ್ನು ಅದು ದಾಟಿತು ಎನ್ನಬಹುದು.

ಹಾಗಾದರೆ ಶ್ವಾಸಕೋಶಕ್ಕೆ ಏನಾಯಿತು? ಗ್ರೀಸ್ ದೇಶದಲ್ಲಿ 146 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಫಲ ಬೆರಗುಗೊಳಿಸುವಂತಿತ್ತು. ಎರಡು ತಿಂಗಳಾದಾಗ ಪರೀಕ್ಷಿಸಲು ಸಾಧ್ಯವಾದವರಲ್ಲಿ, ಬರೀ ವಿಕಿರಣ ಪಡೆದ ಶೇ. 43 ಮಂದಿಗೆ ಗಣನೀಯ ನ್ಯುಮೊನೈಟಿಸ್. ಅಮಿಫೋಸ್ಟೀನ್ ಪಡೆದವರಲ್ಲಿ ಶೇ. 9. ಅಮೆರಿಕದ ಟೆಕ್ಸಸ್‌ನಲ್ಲಿ ನಡೆದ 62 ರೋಗಿಗಳ ಪರೀಕ್ಷೆಯೂ ಆಶಾದಾಯಕವಾಗಿತ್ತು. ಆಮೇಲೆ 2005ರಲ್ಲಿ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಆರ್‌ಟಿಒಜಿ 9801 ಪರೀಕ್ಷೆಯ ಫಲಿತಾಂಶ ಬಂತು. ಅದರಲ್ಲಿದ್ದವರು 243 ರೋಗಿಗಳು. ಮುಖ್ಯ ಗುರಿ ಅನ್ನನಾಳದ ಉರಿಯೂತವನ್ನು ತಡೆಯುವುದು, ತಡೆಯಲಿಲ್ಲ. ನ್ಯುಮೊನೈಟಿಸ್‌ನಲ್ಲೂ ಭೇದ ಕಾಣಲಿಲ್ಲ.

ಸೋಲಿನ ಒಳಗನ್ನು ಸ್ವಲ್ಪ ಕೆದಕಬೇಕು. ಆ ಪರೀಕ್ಷೆಯಲ್ಲಿ ವಿಕಿರಣವನ್ನು ದಿನಕ್ಕೆ ಎರಡು ಸಲ ಕೊಡುತ್ತಿದ್ದರು. ಔಷಧ ಕೊಟ್ಟದ್ದು ವಾರಕ್ಕೆ ನಾಲ್ಕು ದಿನ, ಅದೂ ಮಧ್ಯಾಹ್ನದ ಸರದಿಗೆ ಮೊದಲು ಮಾತ್ರ. ಲೆಕ್ಕ ಹಾಕಿದರೆ ಒಟ್ಟು ಕಿರಣದ ಸರದಿಗಳಲ್ಲಿ ಸುಮಾರು ಶೇ. 40ಕ್ಕೆ ಮಾತ್ರ ರಕ್ಷಣೆ. ಥಯೋಲ್ ಪಕ್ಕದಲ್ಲೇ ಇರಬೇಕು ಎಂಬ 1949ರ ಪಾಠ ಇಲ್ಲಿ ಅರ್ಧಕ್ಕೆ ಉಳಿಯಿತು. ಪೂರ್ತಿ ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಪ್ರತಿ ಸರದಿಗೂ ಅರ್ಧ ಗಂಟೆ ಮೊದಲು ರೋಗಿಯನ್ನು ಮಲಗಿಸಿ, ರಕ್ತನಾಳಕ್ಕೆ ಔಷಧ ಹರಿಸಿ, ರಕ್ತದೊತ್ತಡವನ್ನು ಮತ್ತೆ ಮತ್ತೆ ಅಳೆದು, ವಾಂತಿಗೆ ಬೇರೆ ಔಷಧ ಕೊಟ್ಟು, ಸರಿಯಾದ ನಿಮಿಷಕ್ಕೆ ಯಂತ್ರದ ಕೆಳಗೆ ಕೂಡಿಸಬೇಕು. ಇದು ಆರು ವಾರ. ಬೆಳಗಿನಿಂದ ರಾತ್ರಿಯವರೆಗೆ ಒಂದೇ ಯಂತ್ರದ ಮುಂದೆ ಸಾಲು ನಿಲ್ಲುವ ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಇದನ್ನು ಊಹಿಸಿಕೊಳ್ಳಿ. ಅಮಿಫೋಸ್ಟೀನಿಗೆ ಅಮೆರಿಕದಲ್ಲಿ 1995ರಲ್ಲಿ ಸಿಸ್‌ಪ್ಲಾಟಿನ್ ಔಷಧದಿಂದ ಮೂತ್ರಪಿಂಡ ಕಾಪಾಡಲು, 1999ರಲ್ಲಿ ತಲೆ ಕತ್ತಿನ ವಿಕಿರಣದಲ್ಲಿ ಬಾಯಿ ಒಣಗದಂತೆ ನೋಡಿಕೊಳ್ಳಲು ಅನುಮತಿ ಸಿಕ್ಕಿತು. ಶ್ವಾಸಕೋಶಕ್ಕೆ ಸಿಗಲಿಲ್ಲ. ಅದರ ರಸಾಯನಶಾಸ್ತ್ರದಲ್ಲಿ ಕೊರತೆಯಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಗಡಿಯಾರ ಅದನ್ನು ಸೋಲಿಸಿತು.

ಹೀಗಾಗಿ ಎರಡನೆಯ ಗುಂಪಿಗೆ, ನನ್ನ ಉಪನ್ಯಾಸದ ಮುಖ್ಯ ಭಾಗಕ್ಕೆ ಬರುತ್ತೇನೆ. ಕಿರಣ ಬಿದ್ದು ರ‍್ಯಾಡಿಕಲ್‌ಗಳೆಲ್ಲ ಮಾಯವಾದ ಮೇಲೂ ಕೆಲಸ ಮಾಡುವ ಔಷಧ ಇರಲು ಸಾಧ್ಯವೇ?

ಸಾಧ್ಯ ಎಂಬುದಕ್ಕೆ ಆಧಾರ ಕೊಟ್ಟವರಲ್ಲಿ ರೋಚೆಸ್ಟರಿನ ಫಿಲಿಪ್ ರೂಬಿನ್ ಪ್ರಮುಖರು. 1995ರಲ್ಲಿ ಅವರ ತಂಡ ಇಲಿಗಳಲ್ಲಿ ತೋರಿಸಿದ್ದೇನೆಂದರೆ, ಮೇಲ್ನೋಟಕ್ಕೆ ಏನೂ ನಡೆಯದ ಆ ಮೌನದ ವಾರಗಳಲ್ಲಿ ಶ್ವಾಸಕೋಶದೊಳಗೆ ಸೈಟೊಕೈನ್‌ಗಳೆಂಬ ಸಂದೇಶವಾಹಕ ಪ್ರೋಟೀನುಗಳ ಏರಿಳಿತ ಎಡೆಬಿಡದೆ ನಡೆದೇ ಇರುತ್ತದೆ. ಒಂದು ಕೋಶ ಇನ್ನೊಂದನ್ನು ಕೆರಳಿಸುತ್ತದೆ. ಟಿಜಿಎಫ್-ಬೀಟಾ ಎಂಬ ಪ್ರೋಟೀನು ನಾರು ನೇಯುವ ಕೋಶಗಳನ್ನು ಕರೆಯುತ್ತದೆ. ರೋಗಿಗೆ ಕಾಣಿಸುವ ಕೆಮ್ಮು ಈ ದೀರ್ಘ ಸಂಭಾಷಣೆಯ ಕೊನೆಯ ಮಾತು. ಸಂಭಾಷಣೆಯನ್ನು ನಡುವೆ ಕಡಿದರೆ ಕೊನೆಯ ಮಾತು ಬರಲಿಕ್ಕಿಲ್ಲ. ಅದಕ್ಕೆ ನಮಗೆ ಸಿಗುವ ಕಾಲಾವಕಾಶ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ ಅಲ್ಲ, ವಾರಗಳು.

ಇಲ್ಲಿ ನಿಮ್ಮಲ್ಲಿ ಅನೇಕರ ಮನೆಯ ಔಷಧದ ಡಬ್ಬಿಯಲ್ಲಿರುವ ಒಂದು ಮಾತ್ರೆ ಕಥೆಯೊಳಗೆ ಬರುತ್ತದೆ. ರಕ್ತದೊತ್ತಡಕ್ಕೆ ಕೊಡುವ ಎಸಿಇ ಪ್ರತಿಬಂಧಕಗಳು: ಕ್ಯಾಪ್ಟೊಪ್ರಿಲ್, ಎನಾಲಪ್ರಿಲ್, ಲಿಸಿನೊಪ್ರಿಲ್. ಈ ಕುಟುಂಬದ ಮೂಲ ಬ್ರೆಜಿಲ್ಲಿನ ಜರರಾಕಾ ಎಂಬ ಮಂಡಲ ಜಾತಿಯ ಹಾವಿನ ವಿಷದ ಅಧ್ಯಯನದಲ್ಲಿದೆ. ಅದರ ಜಾಡು ಹಿಡಿದು ಸ್ಕ್ವಿಬ್ ಕಂಪನಿಯ ಕುಶ್‌ಮನ್ ಮತ್ತು ಒಂಡೆಟ್ಟಿ ಕ್ಯಾಪ್ಟೊಪ್ರಿಲ್ ರೂಪಿಸಿದರು; 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಅದು ತಡೆಯುವ ಎಸಿಇ ಕಿಣ್ವ ದೇಹದಲ್ಲಿ ಅತಿ ಹೇರಳವಾಗಿರುವುದು ಶ್ವಾಸಕೋಶದ ಲೋಮನಾಳಗಳ ಒಳಪದರದಲ್ಲಿ. ವಿಕಿರಣ ಮೊದಲು ನೋಯಿಸುವ ಜಾಗವೂ ಅದೇ.

1980ರ ದಶಕದಲ್ಲಿ ವಿಲಿಯಂ ವಾರ್ಡ್ ಮತ್ತು ಸಂಗಡಿಗರು ಎದೆಗೆ ಕಿರಣ ಬಿದ್ದ ಇಲಿಗಳಿಗೆ ಕ್ಯಾಪ್ಟೊಪ್ರಿಲ್ ತಿನ್ನಿಸಿ ನೋಡಿದಾಗ ಶ್ವಾಸಕೋಶದ ಹಾನಿ ತಗ್ಗಿತು. ಕ್ಯಾಪ್ಟೊಪ್ರಿಲ್ಲಿನಲ್ಲಿ ಒಂದು ಥಯೋಲ್ ಗುಂಪಿದೆ. ಹಾಗಾಗಿ ಇದೂ ಹಳೆಯ ಸಿಸ್ಟೀನಿನ ಆಟವೇ ಎಂಬ ಅನುಮಾನ ಬರುವುದು ಸಹಜವಾಗಿತ್ತು. ಆದರೆ ಥಯೋಲ್ ಇಲ್ಲದ ಎನಾಲಪ್ರಿಲ್ ಕೂಡ ಫಲ ಕೊಟ್ಟಿತು. ವಿಸ್ಕಾನ್ಸಿನ್ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಮೌಲ್ಡರ್, ಎರಿಕ್ ಕೋಹೆನ್, ಮೀಥಾ ಮೆಧೋರಾ ಮೊದಲಾದವರು ವರ್ಷಗಟ್ಟಲೆ ಈ ಕೆಲಸ ಮಾಡಿದರು. 2013ರಲ್ಲಿ ಅಲ್ಲಿಂದ ಬಂದ ಒಂದು ಫಲಿತಾಂಶ ನನಗೆ ಈ ಇಡೀ ಕ್ಷೇತ್ರದಲ್ಲೇ ಅತ್ಯಂತ ಅರ್ಥಪೂರ್ಣವೆನಿಸುತ್ತದೆ: ಇಲಿಗಳ ಎದೆಗೆ ಕಿರಣ ಬಿದ್ದ 35 ದಿನಗಳ ನಂತರ ಎನಾಲಪ್ರಿಲ್ ಆರಂಭಿಸಿದರೂ ನ್ಯುಮೊನೈಟಿಸ್ ಮತ್ತು ನಾರುಗಟ್ಟುವಿಕೆ ಎರಡೂ ತಗ್ಗಿದವು. ಮೂವತ್ತೈದು ದಿನಗಳ ಮೇಲೆ ಹಿಡಿಯಲು ಯಾವ ರ‍್ಯಾಡಿಕಲ್ ತಾನೆ ಉಳಿದಿರುತ್ತದೆ!

ಇಲಿಗಳಿಂದ ಮನುಷ್ಯರಿಗೆ ಬಂದಾಗ ಕಥೆ ಕುಂಟುತ್ತದೆ. ಬೇರೆ ಕಾರಣಕ್ಕೆ ಈ ಮಾತ್ರೆ ನುಂಗುತ್ತಿದ್ದ ಕ್ಯಾನ್ಸರ್ ರೋಗಿಗಳ ಹಳೆಯ ದಾಖಲೆಗಳನ್ನು ತಿರುವಿದ ಕೆಲವು ಅಧ್ಯಯನಗಳಲ್ಲಿ ನ್ಯುಮೊನೈಟಿಸ್ ಕಡಿಮೆ ಕಂಡಿತು, ಕೆಲವುಗಳಲ್ಲಿ ಕಾಣಲಿಲ್ಲ. ಆರ್‌ಟಿಒಜಿ 0123 ಎಂಬ ಪರೀಕ್ಷೆ ವಿಕಿರಣ ಮುಗಿದ ಮೇಲೆ ಕ್ಯಾಪ್ಟೊಪ್ರಿಲ್ ಕೊಟ್ಟು ನೋಡಲು ಹೊರಟಿತ್ತು. ಸಾಕಷ್ಟು ರೋಗಿಗಳು ಸೇರದೆ ಅರ್ಧದಲ್ಲೇ ಮುಚ್ಚಿತು. ಮುಂದೆ ಮೇಯೋ ಕ್ಲಿನಿಕ್ಕಿನ ನೇತೃತ್ವದಲ್ಲಿ ಲಿಸಿನೊಪ್ರಿಲ್ ಕೊಟ್ಟು ಸಣ್ಣ ಪರೀಕ್ಷೆ ನಡೆಯಿತು. ರೋಗಿಗಳು ಅದನ್ನು ತಾಳಿಕೊಂಡರು, ಉಸಿರಾಟದ ತೊಂದರೆ ಕಡಿಮೆಯಾದ ಸೂಚನೆಗಳು ಸಿಕ್ಕವು, ಆದರೆ ತೀರ್ಪು ಹೇಳುವಷ್ಟು ಜನ ಇರಲಿಲ್ಲ. ಇದರ ನಡುವೆ ಇನ್ನೊಂದು ಕೀಟಲೆ: ಎಸಿಇ ಪ್ರತಿಬಂಧಕಗಳ ಪ್ರಸಿದ್ಧ ಅಡ್ಡಪರಿಣಾಮವೇ ಒಣಕೆಮ್ಮು. ನ್ಯುಮೊನೈಟಿಸ್ ತಡೆಯಲು ಕೊಟ್ಟ ಮಾತ್ರೆಯೇ ನ್ಯುಮೊನೈಟಿಸ್‌ನ ವೇಷ ಹಾಕಿ ಬಂದರೆ ಪರೀಕ್ಷೆ ನಡೆಸುವವರ ಪಾಡು ಏನಾಗಬೇಕು!

ಪೇಟೆಂಟ್ ಅವಧಿ ಮುಗಿದು ಅಗ್ಗವಾದ ಮಾತ್ರೆಗೆ ದೊಡ್ಡ ಪರೀಕ್ಷೆ ನಡೆಸಲು ಯಾವ ಕಂಪನಿಗೂ ಲಾಭವಿಲ್ಲ ಎಂಬುದೂ ನಿಜ. ಪೆಂಟಾಕ್ಸಿಫಿಲಿನ್ ಎಂಬ ಹಳೆಯ ಔಷಧದ ಪಾಡೂ ಅದೇ. ಕಾಲಿನ ರಕ್ತಸಂಚಾರಕ್ಕೆ ಕೊಡುತ್ತಿದ್ದ ಈ ಮಾತ್ರೆ ಟಿಎನ್‌ಎಫ್ ಎಂಬ ಸೈಟೊಕೈನನ್ನು ತಗ್ಗಿಸುತ್ತದೆ. ಟರ್ಕಿಯಲ್ಲಿ 40 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಶ್ವಾಸಕೋಶದ ಹಾನಿಯನ್ನು ಕಡಿಮೆ ಮಾಡಿತು. ನಲವತ್ತು ಜನರ ಮೇಲೆ ಯಾರೂ ವಾಡಿಕೆಯನ್ನು ಕಟ್ಟುವುದಿಲ್ಲ. ಮುಂದಿನ ದೊಡ್ಡ ಪರೀಕ್ಷೆ ಬರಲಿಲ್ಲ.

ನಮ್ಮ ದೇಶದ ಒಂದು ಕೆಲಸವನ್ನು ಇಲ್ಲಿ ಸಂತೋಷದಿಂದ ನೆನೆಯುತ್ತೇನೆ. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ ಅಮಿತ್ ಕುನ್ವರ್, ಇಂದಿರಾ ಪ್ರಿಯದರ್ಶಿನಿ ಮೊದಲಾದವರು ಸೆಲೆನಿಯಂ ಇರುವ ಡಿಎಸ್‌ಇಪಿಎ ಎಂಬ ಸಂಯುಕ್ತವನ್ನು ಅಧ್ಯಯನ ಮಾಡಿದ್ದಾರೆ. ಬಾಯಿಯ ಮೂಲಕ ಕೊಟ್ಟಾಗ ಅದು ಶ್ವಾಸಕೋಶದಲ್ಲಿ ಹೆಚ್ಚಾಗಿ ಸೇರುತ್ತದೆ ಎಂಬುದು ತಿಳಿದ ಮೇಲೆ, ಟಾಟಾ ಸ್ಮಾರಕ ಕೇಂದ್ರದ ಸಹೋದ್ಯೋಗಿಗಳೊಡನೆ ಇಲಿಗಳ ಎದೆಯ ವಿಕಿರಣದಲ್ಲಿ ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಿರಣ ಬಿದ್ದ ನಂತರ ಕೊಡಲು ಆರಂಭಿಸಿದ ಡಿಎಸ್‌ಇಪಿಎ ನ್ಯುಮೊನೈಟಿಸನ್ನು ತಡೆಯಿತು. ಉರಿಯೂತಕ್ಕೆ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆತರುವ ಸಂದೇಶಗಳ ಸರಪಳಿಯನ್ನು ಅದು ಕಡಿಯುತ್ತದೆ. ಬಾಯಿಯಿಂದ ಕೊಡಬಹುದು, ಕಿರಣದ ನಂತರ ಕೊಡಬಹುದು ಎಂಬ ಎರಡು ಗುಣಗಳು ಅಮಿಫೋಸ್ಟೀನಿಗೆ ಇರಲಿಲ್ಲ. ಆದರೂ ಇದು ಇನ್ನೂ ಇಲಿಗಳ ಮಾತು ಎಂಬುದನ್ನು ಮರೆಯಬಾರದು.

ಇಲಿಗಳ ಮಾತು ಬಂದದ್ದರಿಂದ ನಮ್ಮ ಗಿಡಮೂಲಿಕೆಗಳ ವಿಚಾರಕ್ಕೆ ಹೊರಳುತ್ತೇನೆ. ಇಂಥ ಸಭೆಗಳಲ್ಲಿ ಕೊನೆಗೆ ಈ ಪ್ರಶ್ನೆ ಬಂದೇ ಬರುತ್ತದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವಿಕಿರಣ ಜೀವವಿಜ್ಞಾನ ವಿಭಾಗದಲ್ಲಿ 1990ರ ದಶಕದಲ್ಲಿ ಪಿ. ಉಮಾದೇವಿ ಮತ್ತು ಸಂಗಡಿಗರು ತುಳಸಿ ಎಲೆಯ ಸಾರ ಇಲಿಗಳನ್ನು ಗಾಮಾ ಕಿರಣದಿಂದ ಕಾಪಾಡುತ್ತದೆ ಎಂದು ತೋರಿಸಿದರು. ಓರಿಯೆಂಟಿನ್, ವೈಸೆನಿನ್ ಎಂಬ ಎರಡು ಫ್ಲೇವನಾಯ್ಡ್‌ಗಳನ್ನು ಅದರಿಂದ ಬೇರ್ಪಡಿಸಿ ಪರೀಕ್ಷಿಸಿದರು. ಅಲ್ಲೇ ಗಣೇಶ್ ಜಗೇತಿಯಾ ಮತ್ತು ಸಹೋದ್ಯೋಗಿಗಳು ನೇರಳೆ ಎಲೆ, ಬಿಲ್ವಗಳ ಮೇಲೆ ಕೆಲಸ ಮಾಡಿದರು. ಕರ್ನಾಟಕದ ನೆಲದಲ್ಲಿ ನಡೆದ ಗಟ್ಟಿಯಾದ ವಿಜ್ಞಾನ ಅದು. ವಿದೇಶದ ಸಮೀಕ್ಷಾ ಲೇಖನಗಳೂ ಅದನ್ನು ಉಲ್ಲೇಖಿಸುತ್ತವೆ. ಆದರೆ ಅವರು ಮುಖ್ಯವಾಗಿ ಕೇಳಿದ ಪ್ರಶ್ನೆ ಬೇರೆ: ಇಡೀ ಮೈಗೆ ಮಾರಕ ಕಿರಣ ಬಿದ್ದ ಇಲಿ 30 ದಿನ ಬದುಕೀತೇ ಎಂಬುದು. ಆ ಅವಧಿಯ ಸಾವು ಬರುವುದು ಮೂಳೆಮಜ್ಜೆ ಮತ್ತು ಕರುಳಿನಿಂದ. ಶ್ವಾಸಕೋಶ ನೋಯಲು ಆರಂಭಿಸುವುದೇ ಅದರ ನಂತರ. ಮನುಷ್ಯರ ಶ್ವಾಸಕೋಶಕ್ಕೆ ನೇರವಾಗಿ ಪರೀಕ್ಷಿಸಿದ ಸಸ್ಯಮೂಲದ ಅಣು ಬೇಕೆಂದರೆ ಬರ್ಬೆರಿನ್ ಇದೆ. ನಮ್ಮ ಪಶ್ಚಿಮಘಟ್ಟದ ಮರದರಿಶಿನದಲ್ಲಿರುವ ಹಳದಿ ವಸ್ತು. ಚೀನಾದಲ್ಲಿ 90 ಶ್ವಾಸಕೋಶ ಕ್ಯಾನ್ಸರ್ ರೋಗಿಗಳಿಗೆ ಅದನ್ನು ಕೊಟ್ಟು ನಡೆಸಿದ ಪರೀಕ್ಷೆ 2008ರಲ್ಲಿ ಒಳ್ಳೆಯ ಫಲ ವರದಿ ಮಾಡಿತು. ಒಂದು ಪರೀಕ್ಷೆ, ಒಂದು ಕಡೆ.

ಹಾಗಾದರೆ ಚಿಕಿತ್ಸೆಯ ನಡುವೆ ಕಷಾಯ, ವಿಟಮಿನ್ ಮಾತ್ರೆ ತೆಗೆದುಕೊಳ್ಳಬಹುದೇ? ಅಡುಗೆಗೆ ಹಾಕುವ ಅರಿಶಿನಕ್ಕೆ, ಬೆಳಗಿನ ಎರಡು ತುಳಸಿ ಎಲೆಗೆ ನನ್ನ ತಕರಾರಿಲ್ಲ. ಸಾಂದ್ರವಾದ ಸಾರ, ದೊಡ್ಡ ಪ್ರಮಾಣದ ವಿಟಮಿನ್‌ಗಳಿಗೆ ತಕರಾರಿದೆ, ಅದಕ್ಕೆ ಆಧಾರವೂ ಇದೆ. ಕೆನಡಾದ ಕ್ವಿಬೆಕ್‌ನಲ್ಲಿ ಇಸಾಬೆಲ್ ಬೈರಾಟಿ ಮತ್ತು ಸಂಗಡಿಗರು ತಲೆ ಕತ್ತಿನ ಕ್ಯಾನ್ಸರಿಗೆ ವಿಕಿರಣ ಪಡೆಯುತ್ತಿದ್ದ 540 ರೋಗಿಗಳಲ್ಲಿ ಅರ್ಧ ಜನರಿಗೆ ವಿಟಮಿನ್ ಇ ಮತ್ತು ಬೀಟಾ ಕ್ಯಾರೊಟಿನ್ ಕೊಟ್ಟರು. ಬಾಯಿಹುಣ್ಣು ಮೊದಲಾದ ತೊಂದರೆಗಳು ಕಡಿಮೆಯಾದವು. ಆದರೆ ಗಡ್ಡೆ ಮರುಕಳಿಸುವ ಸೂಚನೆಗಳೂ ಹೆಚ್ಚಿದವು. ಮುಂದೆ ವರ್ಷಗಳ ಕಾಲ ಗಮನಿಸಿದಾಗ ವಿಟಮಿನ್ ಪಡೆದ ಗುಂಪಿನಲ್ಲಿ ಸಾವು ಹೆಚ್ಚಾಗಿತ್ತು. ರಕ್ಷಣೆಯೇನೋ ಸಿಕ್ಕಿತು, ಗಡ್ಡೆಗೂ ಸಿಕ್ಕಿತು.

ಮೂರನೆಯ ಗುಂಪನ್ನು ಬೇಗ ಮುಗಿಸುತ್ತೇನೆ. ಇಲ್ಲಿ ಹೇಳುವುದು ಕಡಿಮೆ. ಲಕ್ಷಣ ಕಂಡ ಮೇಲೆ ಕೊಡುವುದು ಸ್ಟೀರಾಯ್ಡ್, ಸಾಮಾನ್ಯವಾಗಿ ಪ್ರೆಡ್ನಿಸೊಲೋನ್. ಉರಿಯೂತ ಬೇಗ ತಗ್ಗುತ್ತದೆ. ಆದರೆ ಪ್ರಮಾಣವನ್ನು ವಾರಗಳ ಕಾಲ ಮೆಲ್ಲಗೆ ಇಳಿಸಬೇಕು. ಥಟ್ಟನೆ ನಿಲ್ಲಿಸಿದರೆ ರೋಗ ಮತ್ತೆ ಎದ್ದು ಬರುತ್ತದೆ. ಮೆಟ್ಟಿಲು ಹತ್ತಲಾಗದೆ ಬಂದ ರೋಗಿ ಒಂದು ವಾರದಲ್ಲಿ ಹುಷಾರಾಗಿ, ತಾನೇ ಮಾತ್ರೆ ನಿಲ್ಲಿಸಿ, ಮತ್ತೆ ಬರುವುದು ನಮ್ಮಲ್ಲಿ ಹೊಸದಲ್ಲ. ಸಕ್ಕರೆ ಕಾಯಿಲೆ ಕೆದರುವುದು, ಮಲಗಿದ್ದ ಕ್ಷಯ ಏಳುವುದು ಬೇರೆ ಅಪಾಯಗಳು. ಮೊದಲೇ ಸ್ಟೀರಾಯ್ಡ್ ಕೊಟ್ಟರೆ ತಡೆಯಬಹುದು ಎಂಬುದಕ್ಕೆ ಆಧಾರವಿಲ್ಲ, ನಾರುಗಟ್ಟುವುದನ್ನೂ ಅದು ತಡೆಯದು. ಕಾರಣ ಗೊತ್ತಿಲ್ಲದ ಶ್ವಾಸಕೋಶದ ನಾರುರೋಗಕ್ಕೆ 2014ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ನಿಂಟೆಡಾನಿಬ್ ಮತ್ತು ಪಿರ್ಫೆನಿಡೋನ್ ಈಗ ಇತ್ತ ತಿರುಗಿವೆ. ಸ್ಟೀರಾಯ್ಡ್ ಜೊತೆಗೆ ನಿಂಟೆಡಾನಿಬ್ ಕೊಟ್ಟ ಸಣ್ಣ ಪರೀಕ್ಷೆಯಲ್ಲಿ ನ್ಯುಮೊನೈಟಿಸ್ ಮತ್ತೆ ಉಲ್ಬಣಿಸುವುದು ಕಡಿಮೆಯಾಯಿತು. ಆದರೆ ಅದೂ ರೋಗಿಗಳು ಸಾಕಷ್ಟು ಸೇರದೆ ಬೇಗ ಮುಗಿದ ಪರೀಕ್ಷೆ.

ಯಂತ್ರಗಳೇ ಈ ಸಮಸ್ಯೆಯನ್ನು ಬಗೆಹರಿಸುತ್ತಿರುವಾಗ ಔಷಧ ಏಕೆ ಎಂದು ಕೆಲವು ಸಹೋದ್ಯೋಗಿಗಳು ಕೇಳುತ್ತಾರೆ. ಉಸಿರಿನ ಚಲನೆಯನ್ನು ಅಳೆದು ಕಿರಣ ರೂಪಿಸುವ ವಿಧಾನಗಳು, ಉಸಿರು ಬಿಗಿಹಿಡಿಸಿ ಕೊಡುವ ಚಿಕಿತ್ಸೆ ಇವೆಲ್ಲ ಹಾನಿಯನ್ನು ನಿಜವಾಗಿಯೂ ತಗ್ಗಿಸಿವೆ. ಸೆಕೆಂಡಿನೊಳಗೆ ಪೂರ್ತಿ ಪ್ರಮಾಣ ಸುರಿಯುವ ಫ್ಲ್ಯಾಶ್ ವಿಧಾನದಲ್ಲಿ ಇಲಿಗಳ ಶ್ವಾಸಕೋಶ ನಾರುಗಟ್ಟಲಿಲ್ಲ ಎಂದು ಫ್ರಾನ್ಸಿನ ವಿನ್ಸೆಂಟ್ ಫಾವೊಡನ್ ತಂಡ 2014ರಲ್ಲಿ ತೋರಿಸಿದೆ. ಆದರೂ ಎರಡು ಕಾರಣಕ್ಕೆ ಔಷಧದ ಅಗತ್ಯ ಹೆಚ್ಚುತ್ತಿದೆ ಎಂದು ನನ್ನ ಎಣಿಕೆ. ಮೊದಲನೆಯದು ಇಮ್ಯುನೋಥೆರಪಿ. 713 ರೋಗಿಗಳ ಪೆಸಿಫಿಕ್ ಪರೀಕ್ಷೆಯಲ್ಲಿ ವಿಕಿರಣ ಮತ್ತು ಕೀಮೋಥೆರಪಿಯ ನಂತರ ಡರ್ವಾಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧ ಪಡೆದವರಲ್ಲಿ ಐದು ವರ್ಷ ಬದುಕಿದವರು ಶೇ. 42.9, ಪಡೆಯದವರಲ್ಲಿ ಶೇ. 33.4. ಅದೇ ಪರೀಕ್ಷೆಯಲ್ಲಿ ನ್ಯುಮೊನೈಟಿಸ್ ಶೇ. 24.8ರಿಂದ 33.9ಕ್ಕೆ ಏರಿತು, ಬಹುಪಾಲು ಸೌಮ್ಯವಾದದ್ದೇ ಆದರೂ. ಹಿಂದೆ ಶ್ವಾಸಕೋಶ ನಾರಾಗುವಷ್ಟು ಕಾಲ ರೋಗಿ ಬದುಕುತ್ತಿರಲಿಲ್ಲ. ಈಗ ಬದುಕುತ್ತಾನೆ, ಉಸಿರಾಡಬೇಕು. ಎರಡನೆಯದು ಅಣು ದುರಂತ. ಮನುಷ್ಯರ ಮೇಲೆ ಪರೀಕ್ಷಿಸಲಾಗದ ಇಂಥ ಸಂದರ್ಭಕ್ಕಾಗಿ ಅಮೆರಿಕ 2002ರಲ್ಲಿ ಪ್ರಾಣಿ ಪರೀಕ್ಷೆಯ ಆಧಾರದ ಮೇಲೆಯೇ ಅನುಮತಿ ಕೊಡುವ ನಿಯಮ ತಂದಿತು. ಅದರಡಿ 2015ರಲ್ಲಿ ಫಿಲ್ಗ್ರಾಸ್ಟಿಮ್‌ಗೆ ಅನುಮತಿ ಸಿಕ್ಕಿತು, ಬಳಿಕ ಇನ್ನೂ ಕೆಲವಕ್ಕೆ. ಎಲ್ಲವೂ ಮೂಳೆಮಜ್ಜೆಯನ್ನು ಎಬ್ಬಿಸುವ ಔಷಧಗಳು. ಹಾಗೆ ಉಳಿದವರಿಗೆ ಕೆಲವು ತಿಂಗಳ ಮೇಲೆ ಶ್ವಾಸಕೋಶ ಕೈಕೊಟ್ಟರೆ ಕೊಡಲು ಉಗ್ರಾಣದಲ್ಲಿ ಏನಿದೆ?

ಕೊನೆಯದಾಗಿ ಸಭೆಯಲ್ಲಿರುವ ವೈದ್ಯ ಮಿತ್ರರಿಗೆ ಒಂದು ಪ್ರಸ್ತಾಪ. ಅಮೆರಿಕದಲ್ಲಿ ಕ್ಯಾಪ್ಟೊಪ್ರಿಲ್ ಪರೀಕ್ಷೆ ನಿಂತದ್ದು ರೋಗಿಗಳು ಸಾಲದೆ. ನಮ್ಮ ಆಸ್ಪತ್ರೆಗಳಲ್ಲಿ ಸಾಲದಿರುವುದು ಬೇರೆ ಎಲ್ಲವೂ. ಎದೆಯ ವಿಕಿರಣ ಮುಗಿಸಿದ, ರಕ್ತದೊತ್ತಡ ತೀರಾ ಕಡಿಮೆ ಇಲ್ಲದ, ಮೂತ್ರಪಿಂಡ ಚೆನ್ನಾಗಿರುವ ರೋಗಿಗಳಲ್ಲಿ ಚೀಟಿ ಎತ್ತಿದಂತೆ ಅರ್ಧ ಜನರಿಗೆ ಎನಾಲಪ್ರಿಲ್, ಅರ್ಧ ಜನರಿಗೆ ಔಷಧವಿಲ್ಲದ ಬರೀ ಮಾತ್ರೆ. ಆರು ತಿಂಗಳು ಔಷಧ, ಎರಡು ವರ್ಷ ಗಮನ. ಕೆಮ್ಮನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಾರದು, ಅದು ದಾರಿ ತಪ್ಪಿಸುತ್ತದೆ. ಸಿಟಿ ಸ್ಕ್ಯಾನು, ಶ್ವಾಸಕೋಶ ಅನಿಲವನ್ನು ರಕ್ತಕ್ಕೆ ದಾಟಿಸುವ ಸಾಮರ್ಥ್ಯದ ಪರೀಕ್ಷೆ, ಆರು ನಿಮಿಷದ ನಡಿಗೆ ಇವು ಸಾಕು. ಕ್ಷಯದ ತಪಾಸಣೆ ಪ್ರತಿ ಭೇಟಿಯಲ್ಲೂ ಇರಬೇಕು. ಮಾತ್ರೆಗೆ ತಗಲುವ ಖರ್ಚು ಅತ್ಯಲ್ಪ. ದುಬಾರಿಯಾಗುವುದು ರೋಗಿಯನ್ನು ಎರಡು ವರ್ಷ ಮತ್ತೆ ಮತ್ತೆ ಊರಿನಿಂದ ಕರೆತರುವ ಬಸ್ ಖರ್ಚು, ಕಳೆದುಕೊಳ್ಳುವ ಕೂಲಿ, ಸ್ಕ್ಯಾನಿನ ಶುಲ್ಕ. ಅದನ್ನು ಯಾರು ಕೊಡುತ್ತಾರೆ ಎಂಬುದು ಇತ್ಯರ್ಥವಾದರೆ ಉಳಿದ ಕೆಲಸಕ್ಕೆ ಬೇಕಾದ ತಜ್ಞರು ಈ ರಾಜ್ಯದಲ್ಲೇ ಇದ್ದಾರೆ. ಒಂದು ಎಚ್ಚರಿಕೆ ಮಾತ್ರ ಎಲ್ಲರಿಗೂ: ಈ ಉಪನ್ಯಾಸ ಕೇಳಿ ಯಾರೂ ತಾವಾಗಿಯೇ ರಕ್ತದೊತ್ತಡದ ಮಾತ್ರೆ ಶುರುಮಾಡಬೇಡಿ, ಬದಲಿಸಲೂ ಬೇಡಿ.